ಬ್ಯಾಗಿನ ಬಾಯಿ

ನಾನು ಬೆಂಗ್ರೆಯವನು. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಫಲ್ಗುಣಿ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ; ತೆಂಕು ತುದಿಯಲ್ಲಿ ನೇತ್ರಾವತಿಯೂ ಬಂದು ಕೂಡಿಕೊಳ್ಳುವ ಅಳಿವೆ ಬಾಗಿಲು. ಅದೇ ನಮ್ಮ ಊರು. ಮಂಗಳೂರಿನ ಹಳೆ ಬಂದರು ನಮ್ಮ ಎದುರು ದಡದಲ್ಲೇ ಉಂಟು. ದೋಣಿಗಳ ಹೆಸರು ಇಲ್ಲಿಂದಲೇ ಓದಬಹುದು. ಆದರೆ ರಸ್ತೆಯಲ್ಲಿ ಹೋಗುವುದಾದರೆ ತಣ್ಣೀರುಬಾವಿ, ಪಣಂಬೂರು ಎಲ್ಲ ಸುತ್ತಿ ಬರಬೇಕು. ಹಾಗಾಗಿ ನಾವು ಫೆರಿ ಹತ್ತುವವರು. ಬಂದರಿನ ಒಂದು ಓಣಿಯಲ್ಲಿ ನನ್ನ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ನೀರಿನ ಪಂಪು, ಮೋಟಾರ್ ವೈಂಡಿಂಗ್ ದಿನದ ಕೆಲಸ. ಅದರ ನಡುವೆ ಆಗಾಗ ಒಂದು ಹಳೆಯ ವ್ಯಾಕ್ಯೂಮ್ ಕ್ಲೀನರ್ ಬರುತ್ತದೆ. ಅದು ಬಂದ ದಿನ ನನಗೆ ಉಳಿದ ಕೆಲಸದ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಮಿಷಿನಿನ ಹೊಟ್ಟೆಯೊಳಗೆ ಕೂರುವ ಧೂಳಿನ ಚೀಲದ ಬಗ್ಗೆ. ಅಂಗಡಿಯಲ್ಲಿ ನಾವು ಅದನ್ನು ಬ್ಯಾಗ್ ಎನ್ನುತ್ತೇವೆ, ಇಲ್ಲಿಯೂ ಹಾಗೆಯೇ ಹೇಳುತ್ತೇನೆ. ಹಳೆಯ ಮಿಷಿನಿಗೆ ಹೊಸ ಬ್ಯಾಗ್ ಹುಡುಕಿಕೊಂಡು ಬರುವವರು ಮೊದಲು ಕೇಳುವುದು, ‘ಇದು ಒಳಗೆ ಹಿಡಿಸುತ್ತದಾ?’ ಎಂದು. ‘ಇದರ ಬಾಯಿ ಸರಿಯಾಗಿ ಮುಚ್ಚುತ್ತದಾ?’ ಎಂದು ಕೇಳಿದವರು ಬಹಳ ಕಡಿಮೆ. ನನಗೂ ಆ ಪ್ರಶ್ನೆ ಮೊದಲು ಹೊಳೆದಿರಲಿಲ್ಲ. ಯಾಕೆ ಹೊಳೆಯಿತು ಎನ್ನುವುದನ್ನು ಹೇಳುತ್ತೇನೆ.

ಬೆಂಗ್ರೆಯಲ್ಲಿ ಮನೆ ಗುಡಿಸುವುದೆಂದರೆ ಮರಳನ್ನು ಅಂಗಳಕ್ಕೆ ವಾಪಸ್ ಕಳಿಸುವುದು. ಹೊಸಿಲು ದಾಟಿದ ಪ್ರತಿಯೊಂದು ಕಾಲೂ ಒಂದು ಚಿಟಿಕೆ ಮರಳು ತರುತ್ತದೆ. ಹಿಡಿಸೂಡಿ ಹಿಡಿದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗುಡಿಸುವುದು ನಮ್ಮ ತಾಯಂದಿರ ಪದ್ಧತಿ. ನೆಲಕ್ಕೆ ಅಷ್ಟು ಸಾಕು. ಆದರೆ ಎಂಬತ್ತು, ತೊಂಬತ್ತರ ದಶಕದಲ್ಲಿ ನಮ್ಮ ಕರಾವಳಿಯ ಹುಡುಗರು ದುಬೈ, ಮಸ್ಕತ್, ದಮಾಮ್, ಜುಬೈಲ್ ಕಡೆ ಹೋಗಿ ಊರಿಗೆ ಬರುವಾಗ ಜಮಖಾನೆ ತಂದರು, ಸೋಫಾ ಮಾಡಿಸಿದರು. ಜಮಖಾನೆಯ ಎಳೆಯೊಳಗೆ ಕೂತ ಮರಳನ್ನು ಹಿಡಿಸೂಡಿ ಎಬ್ಬಿಸುವುದಿಲ್ಲ. ಹಾಗಾಗಿ ಮುಂದಿನ ರಜೆಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯೊಳಗೆ ಟೇಪ್ ರೆಕಾರ್ಡರಿನ ಪಕ್ಕದಲ್ಲಿ ಒಂದು ಜಪಾನಿ ವ್ಯಾಕ್ಯೂಮ್ ಕ್ಲೀನರ್ ಕೂಡ ಬಂತು. ನ್ಯಾಷನಲ್, ಹಿಟಾಚಿ, ಸಾನ್ಯೊ, ಇಂಥವು. ಸೌದಿಯಿಂದ ಬಂದ ಕೆಲವು 110, 127 ವೋಲ್ಟಿನವು. ಅದನ್ನು ನೋಡದೆ ನಮ್ಮ 230ಕ್ಕೆ ಚುಚ್ಚಿ ಮೊದಲ ದಿನವೇ ಸುಟ್ಟುಕೊಂಡವರೂ ಉಂಟು. ಮನೆಯಲ್ಲಿ ಅಂಥದ್ದು ಇದ್ದರೆ ಪ್ಲಗ್ ಹಾಕುವ ಮೊದಲು ಅಡಿಯ ತಗಡಿನ ಮೇಲೆ ಬರೆದಿರುವುದನ್ನು ಓದಿ.

ಇದೇ ಕಾಲಕ್ಕೆ ನಮ್ಮ ದೇಶದಲ್ಲಿಯೂ ಈ ಮಿಷಿನು ಮನೆಬಾಗಿಲಿಗೆ ಬಂತು. 1982ರಲ್ಲಿ ಟಾಟಾ ಬಳಗದ ಫೋರ್ಬ್ಸ್ ಮತ್ತು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕೂಡಿ ಯುರೇಕಾ ಫೋರ್ಬ್ಸ್ ಎಂಬ ಕಂಪನಿ ಕಟ್ಟಿದರು. ಟೈ ಕಟ್ಟಿದ ಹುಡುಗರು ಮನೆಮನೆಗೆ ಬಂದು ಯೂರೋಕ್ಲೀನ್ ಮಿಷಿನನ್ನು ಹಾಸಿಗೆಯ ಮೇಲೆ ಓಡಿಸಿ, ಬಿಳಿ ಬಟ್ಟೆಯ ಮೇಲೆ ಧೂಳು ಸುರಿದು ತೋರಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ಕಾಲದ ಮಿಷಿನುಗಳಲ್ಲಿ ಹಲವು ಇನ್ನೂ ಅಟ್ಟದ ಮೇಲೆ ಇವೆ. ಮೋಟಾರ್ ಗಟ್ಟಿಯಾಗಿಯೇ ಉಂಟು. ಕಾರ್ಬನ್ ಬ್ರಷ್ ಸವೆದರೆ ಅಳತೆಗೆ ಉಜ್ಜಿ ಬೇರೆ ಹಾಕಬಹುದು, ಬೇರಿಂಗ್ ಬದಲಿಸಬಹುದು, ಆರ್ಮೇಚರ್ ಸುಟ್ಟರೆ ವೈಂಡಿಂಗ್ ಮಾಡಬಹುದು. ಹಾಗಾದರೆ ಅವು ಗುಜರಿಗೆ ಹೋಗುವುದು ಯಾಕೆ? ಬ್ಯಾಗ್ ಸಿಗದೆ. ಐದೋ ಹತ್ತೋ ಬ್ಯಾಗ್ ಪೆಟ್ಟಿಗೆಯ ಜೊತೆ ಬಂದಿರುತ್ತವೆ. ಅವು ಮುಗಿದ ಮೇಲೆ ಆ ಮಾದರಿ ನಿಂತುಹೋಗಿದೆ ಎಂಬ ಉತ್ತರ ಬರುತ್ತದೆ. ಕಾಗದದ ಒಂದು ಚೀಲ ಇಲ್ಲವೆಂದು ಐದು ಕಿಲೋ ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ಕು ಗುಜರಿ ಗಾಡಿ ಹತ್ತುವುದನ್ನು ನೋಡಿದರೆ ರಿಪೇರಿ ಕೆಲಸ ಕಲಿತವನಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ನೆರೆಮನೆಯ ಅಕ್ಕನ ಮನೆಯಲ್ಲಿ ಅಂಥದ್ದೇ ಒಂದು ಜಪಾನಿ ಮಿಷಿನು. ಅವರ ತಮ್ಮ ಜುಬೈಲಿನಿಂದ ತಂದದ್ದು. ಬ್ಯಾಗ್ ಮುಗಿದು ವರ್ಷಗಟ್ಟಲೆ ಮೂಲೆಯಲ್ಲಿತ್ತು. ಮೊಮ್ಮಗನಿಗೆ ಉಬ್ಬಸ ಶುರುವಾದ ಮೇಲೆ, ಮನೆಯಲ್ಲಿ ಧೂಳು ಏಳಬಾರದೆಂದು ಡಾಕ್ಟರು ಹೇಳಿದರಂತೆ. ಅಕ್ಕ ಅದನ್ನು ಫೆರಿಯಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ನನ್ನ ಮೇಜಿನ ಮೇಲೆ ಇಟ್ಟರು. ‘ಅಣ್ಣ, ಎಂತ ಬೇಕಾದ್ರೂ ಮಾಡಿ, ಇದನ್ನೊಂದು ಓಡುವ ಹಾಗೆ ಮಾಡಿ ಕೊಡಿ.’ ನಾನು ಮೋಟಾರ್ ಬಿಚ್ಚಿ ಒರೆಸಿ ಬ್ರಷ್ ಹಾಕಿದೆ. ಬ್ಯಾಗಿಗೆ ದಪ್ಪ ಮಾದರಪಾಟು ಬಟ್ಟೆಯ ಒಂದು ಚೀಲ ಹೊಲಿಸಿ, ಒಳಗಿನ ಕೊಳವೆಯ ಮೂತಿಗೆ ಸಿಕ್ಕಿಸಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿದೆ. ಮಿಷಿನು ಚೆನ್ನಾಗಿ ಎಳೆಯಿತು. ಅಕ್ಕ ಖುಷಿಯಲ್ಲಿ ಹೋದರು. ನನಗೂ ಖುಷಿ.

ಎರಡು ತಿಂಗಳಲ್ಲಿ ಅದು ವಾಪಸ್ ಬಂತು, ಬೇರಿಂಗ್ ಕಿರುಚುತ್ತಿತ್ತು. ಅಕ್ಕ ಬಹಳ ಸಂಕೋಚದಿಂದ ಒಂದು ಮಾತು ಹೇಳಿದರು. ‘ನಿಮಗೆ ಬೇಜಾರಾಗಬಾರದು. ಇದು ಓಡಿಸಿದ ದಿನವೇ ಮಗುವಿಗೆ ಕೆಮ್ಮು ಜಾಸ್ತಿ ಅಂತ ನನಗೆ ಕಾಣ್ತದೆ.’

ಮುಚ್ಚಳ ತೆಗೆದು ನೋಡಿದೆ. ಬ್ಯಾಗ್ ಕೂರುವ ಗೂಡು ಸ್ವಚ್ಛವಾಗಿರಬೇಕು. ಅಲ್ಲಿಗೆ ಬರಬೇಕಾದದ್ದು ಸೋಸಿದ ಗಾಳಿ ಮಾತ್ರ. ಅಲ್ಲಿ ಬೂದಿ ಎರಚಿದ ಹಾಗೆ ಮೆತ್ತನೆಯ ಧೂಳು ಕೂತಿತ್ತು. ಬೆರಳಿಟ್ಟರೆ ಗುರುತು ಬೀಳುವಷ್ಟು. ಇನ್ನೂ ಹತ್ತಿರದಿಂದ ಟಾರ್ಚ್ ಹಿಡಿದು ನೋಡಿದಾಗ ಒಂದು ಚಿತ್ರವೇ ಕಂಡಿತು: ಕೊಳವೆಯ ಮೂತಿಯಿಂದ ಶುರುವಾಗಿ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡ ಬೂದು ಗೆರೆಗಳು. ರಬ್ಬರ್ ಬ್ಯಾಂಡಿನಡಿ ಬಟ್ಟೆ ನೆರಿಗೆ ಬಿದ್ದ ಕಡೆಯೆಲ್ಲ ಒಂದೊಂದು ಗೆರೆ. ಪ್ರತಿಯೊಂದು ನೆರಿಗೆಯೂ ಒಂದು ಸಣ್ಣ ಪೀಪಿಯಾಗಿ ಧೂಳನ್ನು ಊದಿತ್ತು. ಆ ಧೂಳು ಮೋಟಾರಿನೊಳಗೆ ಹಾದು, ಬೇರಿಂಗ್ ತಿಂದು, ಹಿಂದಿನ ಜಾಲರಿಯಿಂದ ಮಗು ಮಲಗುವ ಕೋಣೆಗೆ ಹೋಗಿತ್ತು. ನೆಲದ ಮೇಲೆ ಸುಮ್ಮನೆ ಬಿದ್ದಿದ್ದ ಧೂಳನ್ನು ಎಬ್ಬಿಸಿ, ಅದರಲ್ಲಿ ದಪ್ಪದ್ದನ್ನು ಉಳಿಸಿಕೊಂಡು, ಅತಿ ಸಣ್ಣದ್ದನ್ನೇ ಆರಿಸಿ ಗಾಳಿಗೆ ಬಿಡುವ ಮಿಷಿನೊಂದನ್ನು ನಾನು ಆ ಮನೆಗೆ ಮಾಡಿಕೊಟ್ಟಿದ್ದೆ. ಆ ದಿನದಿಂದ ನಾನು ಬ್ಯಾಗಿನ ಬಾಯಿ ನೋಡದೆ ಯಾವ ವ್ಯಾಕ್ಯೂಮ್ ಕ್ಲೀನರನ್ನೂ ಅಂಗಡಿಯಿಂದ ಹೊರಗೆ ಕಳಿಸಿಲ್ಲ.

ಈ ಮಿಷಿನು ಹುಟ್ಟಿದ್ದೇ ಮನೆಬಳಕೆಯ ಬಟ್ಟೆಯಿಂದ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಒಂದು ಹೋಟೆಲಿನಲ್ಲಿ ಕುರ್ಚಿಯ ಮೆತ್ತೆಯ ಮೇಲೆ ತನ್ನ ಕರವಸ್ತ್ರ ಹಾಸಿ ಬಾಯಿಂದ ಗಾಳಿ ಎಳೆದುಕೊಂಡರಂತೆ. ಕರವಸ್ತ್ರದ ಅಡಿಯಲ್ಲಿ ಧೂಳಿನ ಕರಿ ಮುದ್ರೆ ಬಿತ್ತು. ಊದಿ ಧೂಳು ಹಾರಿಸುವುದರ ಬದಲು ಎಳೆದು ಸೋಸಬೇಕೆಂಬ ಅವರ ಯೋಚನೆಗೆ ಅದೇ ಸಾಕ್ಷಿಯಾಯಿತು. ಅವರ ಮಿಷಿನನ್ನು ಕುದುರೆ ಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲಿಸಿ, ಉದ್ದದ ಹೋಸ್‌ಗಳನ್ನು ಕಿಟಕಿಯೊಳಗೆ ಬಿಡುತ್ತಿದ್ದರು. ಆಮೇಲೆ ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬುವರು ಒಂದು ದೊಡ್ಡ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದರು. ಅವರಿಗೂ ಉಬ್ಬಸ. ಗುಡಿಸಿದಷ್ಟೂ ಉಸಿರು ಕಟ್ಟುತ್ತಿತ್ತು. ಫ್ಯಾನಿನ ಒಂದು ಮೋಟಾರ್, ಪೊರಕೆಯ ಒಂದು ಹಿಡಿ, ದಿಂಬಿನ ಒಂದು ಗವಸು, ಇಷ್ಟನ್ನು ಜೋಡಿಸಿ ಕೈಯಲ್ಲಿ ನೂಕುವ ಮಿಷಿನು ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು, ಅದನ್ನು ಕೊಂಡವರು ಹೂವರ್. ಆ ದಿಂಬಿನ ಗವಸೇ ಇವತ್ತಿನ ಬ್ಯಾಗಿನ ಅಜ್ಜಿ. ಉಸಿರು ಕಟ್ಟುವ ಮನುಷ್ಯನೊಬ್ಬ ತನ್ನ ಉಸಿರಿಗಾಗಿ ಮಾಡಿಕೊಂಡ ವಸ್ತು ಇದು ಎಂಬುದನ್ನು ನಾನು ಗಿರಾಕಿಗಳಿಗೆಲ್ಲ ಹೇಳುತ್ತೇನೆ.

ಬ್ಯಾಗಿನ ಕಾಗದ ಧೂಳನ್ನು ಹಿಡಿಯುವ ರೀತಿಯನ್ನು ಸ್ವಲ್ಪ ಹೇಳಬೇಕು. ನಾವು ಬೆಂಗ್ರೆಯವರು ಬಲೆ ನೋಡಿ ಬೆಳೆದವರು. ಬಲೆಯ ಕಣ್ಣಿಗಿಂತ ದೊಡ್ಡ ಮೀನು ಉಳಿಯುತ್ತದೆ, ಸಣ್ಣದು ನುಣುಚಿಕೊಳ್ಳುತ್ತದೆ. ಬ್ಯಾಗ್ ಕೂಡ ಹಾಗೆಯೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಮರಳಿನ ಮಟ್ಟಿಗೆ ಅದು ಸರಿ. ಸಣ್ಣ ಮರಳು ಕೂಡ ನಮ್ಮ ತಲೆಗೂದಲಿನಷ್ಟು ದಪ್ಪ ಇರುತ್ತದೆ. ಹಾಸಿಗೆಯ ನುಸಿಯ ಹಿಕ್ಕೆ ಅದಕ್ಕಿಂತ ಸಣ್ಣದು, ಸುಮಾರು 20 ಮೈಕ್ರಾನ್. ಉಬ್ಬಸದವರಿಗೆ ತೊಂದರೆ ಕೊಡುವುದರಲ್ಲಿ ಅದು ಮುಖ್ಯ. ಅದು ಒಡೆದು ಪುಡಿಯಾದರೆ ಇನ್ನೂ ಸಣ್ಣದಾಗುತ್ತದೆ. ಇಷ್ಟು ಸಣ್ಣದಕ್ಕೆ ಕಣ್ಣಿನ ಲೆಕ್ಕ ನಡೆಯುವುದಿಲ್ಲ. ಒಳ್ಳೆಯ ಬ್ಯಾಗಿನ ಹಾಳೆ ಅಡ್ಡಾದಿಡ್ಡಿ ನಾರುಗಳ ಒಂದು ದಟ್ಟ ಪೊದೆ. ಗಾಳಿ ನಾರನ್ನು ಬಳಸಿಕೊಂಡು ತಿರುಗುವಾಗ ಭಾರದ ಕಣ ತಿರುಗಲಾರದೆ ಹೋಗಿ ನಾರಿಗೆ ಬಡಿದು ಅಂಟುತ್ತದೆ. ಅತಿ ಸಣ್ಣ ಕಣ ಗಾಳಿಯ ಅಣುಗಳ ಪೆಟ್ಟಿಗೆ ಅತ್ತಿತ್ತ ತತ್ತರಿಸುತ್ತ ಯಾವುದಾದರೂ ನಾರಿಗೆ ತಾಗಿಯೇ ತಾಗುತ್ತದೆ. ಎರಡರ ನಡುವಿನದು, ಸುಮಾರು 0.3 ಮೈಕ್ರಾನಿನದು, ಹಿಡಿಯಲು ಎಲ್ಲಕ್ಕಿಂತ ಕಷ್ಟ. ಹೆಪಾ ಫಿಲ್ಟರ್ ಎಂಬುದನ್ನು ಆ ಅಳತೆಯಲ್ಲೇ ಪರೀಕ್ಷಿಸಿ ಶೇಕಡಾ 99.97 ಎಂದು ಬರೆಯುವುದು ಅದಕ್ಕೇ.

ಇದರಿಂದ ಒಂದು ವಿಚಿತ್ರ ನಡೆಯುತ್ತದೆ. ಹೊಸ ಬಟ್ಟೆಯ ಬ್ಯಾಗ್ ಮೊದಲ ದಿನ ಧೂಳು ಬಿಡುತ್ತದೆ. ಒಳಮೈಗೆ ಧೂಳಿನ ತೆಳು ಪದರ ಕಟ್ಟಿದ ಮೇಲೆ ಆ ಪದರವೇ ಸೋಸುತ್ತದೆ. ಹಾಗಾಗಿ ಬಟ್ಟೆ ಬ್ಯಾಗನ್ನು ವಾರಕ್ಕೊಮ್ಮೆ ಸಾಬೂನು ಹಾಕಿ ಒಗೆಯುವವರು ವಾರಕ್ಕೊಮ್ಮೆ ಅದನ್ನು ಕೆಡಿಸಿದ ಹಾಗೆ. ಹೊರಗೆ, ಗಾಳಿ ಬೀಸಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಂತು ಕೊಡವಿದರೆ ಸಾಕು.

ಇನ್ನು ಬಾಯಿಯ ವಿಷಯ. 2020ರಲ್ಲಿ ಕೊರೊನಾ ಬಂದಾಗ ನಮಗೆಲ್ಲ ಒಂದು ಪಾಠ ಆಗಿದೆ. ಎಷ್ಟೇ ಬೆಲೆಯ ಮಾಸ್ಕ್ ಆಗಲಿ, ಮೂಗಿನ ಎರಡು ಬದಿಗೆ ಸರಿಯಾಗಿ ಕೂರದಿದ್ದರೆ ಕನ್ನಡಕದ ಮೇಲೆ ಹಬೆ ಕೂರುತ್ತಿತ್ತು. ಉಸಿರು ಬಟ್ಟೆಯೊಳಗಿಂದ ಹೋಗದೆ ಸಂದಿಯಿಂದ ಹೋಗುತ್ತಿತ್ತು. ಗಾಳಿಗೆ ಸುಲಭದ ದಾರಿ ಇದ್ದರೆ ಅದು ಕಷ್ಟದ ದಾರಿ ಹಿಡಿಯುವುದಿಲ್ಲ. ಬ್ಯಾಗಿನ ಬಾಯಲ್ಲಿಯೂ ಅದೇ. ನಾನು ಒಮ್ಮೆ ಲೆಕ್ಕ ಹಾಕಿ ನೋಡಿದೆ: ಒಂದು ಮಿಲಿಮೀಟರ್ ಅಗಲ, ಒಂದು ಸೆಂಟಿಮೀಟರ್ ಉದ್ದದ ಸಂದಿ ಇದ್ದರೆ ಅದರಲ್ಲಿ ನಿಮಿಷಕ್ಕೆ ಹತ್ತು, ಹದಿನೈದು ಲೀಟರ್ ಸೋಸದ ಗಾಳಿ ನುಗ್ಗಬಹುದು. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಉಸಿರಾಡುವುದು ಆರೇಳು ಲೀಟರ್. ಅಕ್ಕಿಕಾಳಿನಷ್ಟು ಸಂದಿಯಿಂದ ಇಬ್ಬರ ಉಸಿರಿನಷ್ಟು ಧೂಳುಗಾಳಿ! ಬ್ಯಾಗ್ ತುಂಬುತ್ತ ಹೋದ ಹಾಗೆ ಹಾಳೆಯೊಳಗಿಂದ ಗಾಳಿ ಹೋಗುವುದು ಕಷ್ಟವಾಗಿ, ಸಂದಿಯ ಮೇಲೆ ಒತ್ತಡ ಹೆಚ್ಚುತ್ತದೆ. ಅಂದರೆ ಬ್ಯಾಗ್ ತುಂಬಿದಷ್ಟೂ ಬಾಯಿ ಹೆಚ್ಚು ಸೋರುತ್ತದೆ. ಇನ್ನೂ ಜಾಗ ಉಂಟಲ್ಲ ಎಂದು ಕುತ್ತಿಗೆಯವರೆಗೆ ತುಂಬಿಸುವವರು ಇದನ್ನು ನೆನಪಿಡಬೇಕು. ಮುಕ್ಕಾಲು ಆದ ಕೂಡಲೇ ತೆಗೆದುಬಿಡಿ. ಎಷ್ಟೋ ಮಿಷಿನುಗಳಲ್ಲಿ ಮೋಟಾರಿಗೆ ತಂಪು ಕೊಡುವುದು ಇದೇ ಗಾಳಿ. ಬ್ಯಾಗ್ ಕಟ್ಟಿಕೊಂಡರೆ ಮೋಟಾರೂ ಕಾಯುತ್ತದೆ.

ಹಾಗಾದರೆ ಹಳೆಯ ಮಿಷಿನಿಗೆ ಬ್ಯಾಗ್ ಹುಡುಕುವುದು ಹೇಗೆ? ನನ್ನ ಮೊದಲ ವಿನಂತಿ ಇದು: ಕೊನೆಯ ಬ್ಯಾಗನ್ನು ಬಿಸಾಡಬೇಡಿ. ಅದರ ಬಾಯಿಗೆ ಅಂಟಿಸಿದ ರಟ್ಟು, ನಾವು ಕಾಲರ್ ಎನ್ನುವುದು, ಅದೇ ಆ ಮಿಷಿನಿನ ಜಾತಕ. ಮಾದರಿಯ ಹೆಸರು ಅಳಿಸಿಹೋದರೂ ರಟ್ಟು ಎಲ್ಲವನ್ನೂ ಹೇಳುತ್ತದೆ. ಅದರ ಉದ್ದ, ಅಗಲ, ತೂತಿನ ವ್ಯಾಸ ಅಳೆಯಬೇಕು ಎಂದು ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ರಟ್ಟಿನ ದಪ್ಪ. ರಟ್ಟು ಜಾರಿ ಕೂರುವ ಕಚ್ಚು ಎರಡೂವರೆ ಮಿಲಿಮೀಟರಿನದಾಗಿದ್ದು ರಟ್ಟು ಒಂದೂವರೆಯದಾದರೆ, ಹೊರಗಿಂದ ನೋಡಲು ಸರಿಯಾಗಿ ಕೂತಂತೆಯೇ ಕಾಣುತ್ತದೆ. ಮಿಷಿನು ಓಡಿದ ಕೂಡಲೇ ಅದು ಅಲುಗಾಡಿ ಸೋರುತ್ತದೆ. ತೂತು ರಟ್ಟಿನ ನಟ್ಟನಡುವೆ ಇದೆಯೋ, ಒಂದು ಬದಿಗೆ ಸರಿದಿದೆಯೋ ಎಂಬುದನ್ನೂ ನೋಡಬೇಕು. ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಅಳತೆ ಕೈಯಲ್ಲಿದ್ದರೆ ಬೇರೆ ಕಂಪನಿಯ ಬ್ಯಾಗುಗಳಲ್ಲಿ ಹತ್ತಿರದ್ದು ಸಿಗುವ ಸಾಧ್ಯತೆ ಉಂಟು. ಎಲೆಕ್ಟ್ರೋಲಕ್ಸ್, ಫಿಲಿಪ್ಸ್ ಸೇರಿ ಎಸ್-ಬ್ಯಾಗ್ ಎಂಬ ಒಂದೇ ಅಳತೆಯನ್ನು ತಮ್ಮ ಹಲವು ಮಾದರಿಗಳಿಗೆ ಇಟ್ಟುಕೊಂಡಿದ್ದಾರೆ. ಯಾವ ಅಂಗಡಿಯ ಬಲ್ಬು ತಂದರೂ ನಮ್ಮ ಮನೆಯ ಹೋಲ್ಡರಿಗೆ ಕೂರುವ ಹಾಗೆ, ಬ್ಯಾಗಿಗೂ ಒಂದೇ ಬಾಯಿ ಎಲ್ಲರೂ ಒಪ್ಪಿದ್ದರೆ ಎಷ್ಟು ಮಿಷಿನುಗಳು ಉಳಿಯುತ್ತಿದ್ದವು! ಜರ್ಮನಿಯ ಮೀಲೆಯವರ ಬ್ಯಾಗಿನಲ್ಲಿ ಸ್ಪ್ರಿಂಗಿನ ಸಣ್ಣ ಮುಚ್ಚಳ ಉಂಟು. ತೆಗೆದ ಕೂಡಲೇ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ, ಧೂಳು ಮುಖಕ್ಕೆ ಹಾರುವುದಿಲ್ಲ. ಬ್ಯಾಗ್ ಹೀಗಿರಬೇಕು ಎಂದು ನನಗೆ ಅನ್ನಿಸಿದ್ದು ಅದನ್ನು ಕೈಯಲ್ಲಿ ಹಿಡಿದು ನೋಡಿದ ದಿನ.

ನೀವು ಕೇಳಬಹುದು, ಬ್ಯಾಗೇ ಇಲ್ಲದ ಹೊಸ ಮಿಷಿನು ಬಂದಿದೆಯಲ್ಲ ಎಂದು. ಹೌದು. ಇಂಗ್ಲೆಂಡಿನ ಜೇಮ್ಸ್ ಡೈಸನ್ ಬ್ಯಾಗ್ ಕಟ್ಟಿಕೊಂಡು ಎಳೆತ ಕಡಿಮೆಯಾಗುವುದನ್ನು ಕಂಡು ಬೇಸತ್ತು, 5,127 ಮಾದರಿ ಮಾಡಿ ನೋಡಿ, ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳು ಬೇರೆ ಮಾಡುವ ಮಿಷಿನು ಮಾಡಿದರು. ಅವರ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ಆ ಡಬ್ಬಿಯನ್ನು ಖಾಲಿ ಮಾಡುವಾಗ ಏಳುವ ಮೋಡವನ್ನು ಉಬ್ಬಸದ ಮಗುವಿರುವ ಮನೆಯಲ್ಲಿ ನಾನು ಒಪ್ಪಲಾರೆ. ಅಂಥ ಮನೆಗೆ ಬಾಯಿ ಬಿಗಿಯಾದ ಬ್ಯಾಗೇ ಮೇಲು ಎಂಬುದು ನನ್ನ ಅನುಭವ.

ಎಲ್ಲಿಯೂ ಸಿಗದಿದ್ದಾಗ ನಾವೇ ಮಾಡಿಕೊಳ್ಳುವುದು. ನನ್ನ ಅಂಗಡಿಯ ಓಣಿಯಲ್ಲಿ ಒಬ್ಬರು ಹಿರಿಯ ಟೈಲರ್ ಇದ್ದಾರೆ, ನಾನು ಕಾಕ ಎಂದೇ ಕರೆಯುವುದು. ಮಂಗಳೂರಿಗೆ ಗಟ್ಟಿ ಬಟ್ಟೆ ಹೊಸತಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ ನಡೆಸಿದರು. ಅಲ್ಲಿನ ಜಾನ್ ಹಾಲರ್ ಖಾಕಿ ಬಣ್ಣ ತಯಾರಿಸಿದರೆಂದು ನಮ್ಮ ಊರು ಇಂದಿಗೂ ಹೆಮ್ಮೆಪಡುತ್ತದೆ. ಕಾಕ ನನಗೆ ಮೊದಲು ತೋರಿಸಿದ್ದೂ ಖಾಕಿ ಡ್ರಿಲ್ ಬಟ್ಟೆಯನ್ನೇ. ‘ಇದಕ್ಕಿಂತ ಗಟ್ಟಿ ಬೇರೆ ಇಲ್ಲ’ ಎಂದರು. ಗಟ್ಟಿ ಹೌದು, ಆದರೆ ಗಾಳಿ ಹೋಗುವುದಿಲ್ಲ, ಮಿಷಿನು ಅರಚಿಕೊಂಡಿತು. ತೆಳು ಮಾದರಪಾಟಿನಲ್ಲಿ ಗಾಳಿ ಹೋಗುತ್ತದೆ, ಧೂಳೂ ಹೋಗುತ್ತದೆ. ಕೊನೆಗೆ ಕೈಗೆ ಸಿಕ್ಕಿದ್ದು ಸರ್ಜಿಕಲ್ ಮಾಸ್ಕಿಗೆ ಬಳಸುವ ಮೂರು ಪದರದ ಹಾಳೆ. ಅದರ ನಡುವಿನ ಪದರ ಮೆಲ್ಟ್‌ಬ್ಲೋನ್ ಎನ್ನುವುದು, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪ್ಲಾಸ್ಟಿಕ್ ನಾರಿನದು. ಸೋಸುವುದು ಅದೇ, ಹೊರಗಿನ ಎರಡು ಪದರ ಗಟ್ಟಿತನಕ್ಕೆ ಮಾತ್ರ. ಜವಳಿ ಅಂಗಡಿಯ ಬಣ್ಣದ ನಾನ್‌ವೋವನ್ ಕೈಚೀಲ ನೋಡಲು ಹಾಗೆಯೇ ಇರುತ್ತದೆ, ಅದರಲ್ಲಿ ಆ ನಡುವಿನ ಪದರ ಇಲ್ಲ. ಅದನ್ನು ಕತ್ತರಿಸಿ ಬ್ಯಾಗ್ ಮಾಡಿದವರನ್ನು ನೋಡಿದ್ದೇನೆ; ಮರಳು ನಿಲ್ಲುತ್ತದೆ, ಧೂಳು ನಿಲ್ಲುವುದಿಲ್ಲ.

ಹೊಲಿಗೆಯಲ್ಲಿಯೂ ಕಷ್ಟ ಉಂಟು. ಸೂಜಿ ಹೋದಲ್ಲೆಲ್ಲ ಒಂದು ತೂತು. ಕಾಕ ಅಂಚನ್ನು ಒಳಮಡಿಕೆ, ಮೇಲೊಂದು ಮಡಿಕೆ ಮಾಡಿ ಎರಡು ಸಾಲು ಹೊಲಿಯುತ್ತಾರೆ. ಮೇಲಿಂದ ಮೇಣದಬತ್ತಿ ತಿಕ್ಕುತ್ತಾರೆ. ‘ಹಾಯಿ ಹೊಲಿಯುವವರು ನೂಲಿಗೆ ಮೇಣ ತಿಕ್ತಿದ್ರು, ನಾನು ಸಣ್ಣದಿರುವಾಗ ನೋಡಿದ್ದೇನೆ’ ಎಂದು ಒಮ್ಮೆ ಹೇಳಿದರು. ಇನ್ನೊಂದು ಜಾಗಕ್ಕೆ ಎರಡು ಪದರ ಬೇಕು. ಹೋಸಿನೊಳಗೆ ಗಾಳಿ ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಬರುತ್ತದೆ. ಅದರ ಜೊತೆ ಬರುವ ಬೆಂಗ್ರೆಯ ಮರಳು ಬ್ಯಾಗಿನ ಎದುರು ಗೋಡೆಗೆ ಯಾವಾಗಲೂ ಒಂದೇ ಕಡೆ ಬಡಿಯುತ್ತದೆ. ಅಲ್ಲಿ ಉಪ್ಪುಕಾಗದ ತಿಕ್ಕಿದ ಹಾಗೆ ಸವೆದು ತೂತು ಬೀಳುತ್ತದೆ. ಬೇರೆ ಊರಿನವರಿಗೆ ಇದು ಅಷ್ಟಾಗಿ ತಿಳಿಯಲಿಕ್ಕಿಲ್ಲ, ನಮಗೆ ಇದು ನಿತ್ಯದ ಕಥೆ.

ಬಾಯಿಗೆ ಬೇಕಾದ ರಬ್ಬರ್ ಬಂದರಿನ ದಕ್ಕೆಯ ಬೋಟ್ ಎಂಜಿನ್ನಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲು ನಾನು ಅಲ್ಲಿಂದ ಎಂಜಿನ್ನಿಗೆ ಹಾಕುವ ಗಟ್ಟಿ ಗ್ಯಾಸ್ಕೆಟ್ ಹಾಳೆ ತಂದು ಕತ್ತರಿಸಿದೆ. ಅದು ಸೋರಿತು. ಎಂಜಿನ್ನಿನಲ್ಲಿ ಬೋಲ್ಟ್ ಬಿಗಿದು ಒತ್ತುತ್ತಾರೆ, ಆಗ ಗಟ್ಟಿ ರಬ್ಬರು ಕೂಡ ಮಣಿಯುತ್ತದೆ. ಇಲ್ಲಿ ಒತ್ತುವುದು ಒಂದು ಪ್ಲಾಸ್ಟಿಕ್ ಕೊಂಡಿ ಮಾತ್ರ. ಬೆರಳಲ್ಲಿ ಒತ್ತಿದರೆ ಅರ್ಧಕ್ಕೆ ಇಳಿದು, ಬಿಟ್ಟರೆ ಪುನಃ ಏಳುವ ಮೆತ್ತನೆಯ ಸ್ಪಂಜಿನ ರಬ್ಬರೇ ಬೇಕು. ಅದರಿಂದ ಒಂದು ವಾಷರ್ ಕತ್ತರಿಸಿ, ತೂತನ್ನು ಕೊಳವೆಯ ಮೂತಿಗಿಂತ ಎರಡು ಮಿಲಿಮೀಟರ್ ಸಣ್ಣದು ಮಾಡಿ ಹಳೆಯ ರಟ್ಟಿಗೆ ಅಂಟಿಸುತ್ತೇನೆ. ಮೂತಿಯ ಮೇಲೆ ಅದು ಬಳೆ ಹಾಕಿದ ಹಾಗೆ ಸ್ವಲ್ಪ ಹಿಗ್ಗಿ ಕೂರಬೇಕು. ಸೋಪು ನೀರು, ಎಣ್ಣೆ ಹಚ್ಚಿ ಕೂರಿಸಬಾರದು; ಧೂಳು ಅಂಟುತ್ತದೆ.

ಹೀಗೆ ಮಾಡಿದ ಬ್ಯಾಗನ್ನು ಅಕ್ಕನ ಮಿಷಿನಿಗೆ ಹಾಕಿ ಅವರ ಮನೆಯಲ್ಲೇ ಪರೀಕ್ಷೆ ಮಾಡಿದೆವು. ಮಗುವನ್ನು ಆಚೆ ಮನೆಗೆ ಕಳಿಸಿ, ರಾತ್ರಿ ಊಟದ ನಂತರ ಬಾಗಿಲು, ಕಿಟಕಿ ಹಾಕಿ, ಫ್ಯಾನು ಆರಿಸಿ, ಲೈಟು ಆರಿಸಿದೆವು. ಕಾಗದದ ಮೇಲೆ ಎರಡು ಚಮಚ ಮುಖದ ಪೌಡರು. ಅಕ್ಕ ಮಿಷಿನಿನ ಹಿಂದೆ ಟಾರ್ಚ್ ಹಿಡಿದು ಕೂತರು, ಬೆಳಕು ಜಾಲರಿಗೆ ಅಡ್ಡವಾಗಿ. ಮೊದಲು ಹಳೆಯ ರಬ್ಬರ್ ಬ್ಯಾಂಡಿನ ಬ್ಯಾಗ್ ಹಾಕಿ ಪೌಡರು ಎಳೆದೆ. ಟಾರ್ಚಿನ ಬೆಳಕಿನೊಳಗೆ ಬೆಳ್ಳಗೆ ಹೊಗೆ ಸುತ್ತುತ್ತ ಎದ್ದಿತು. ‘ಅಯ್ಯೋ ದೇವರೇ’ ಎಂದರು ಅಕ್ಕ, ‘ಇದೆಲ್ಲ ಅವನ ಮೂಗಿಗೆ ಹೋಗ್ತಿತ್ತಾ?’ ನನಗೆ ಉತ್ತರ ಕೊಡಲು ಆಗಲಿಲ್ಲ. ಗೂಡು ಒರೆಸಿ, ಹೊಸ ಬ್ಯಾಗ್ ಹಾಕಿ, ಗಾಳಿ ತಿಳಿಯಾಗುವವರೆಗೆ ಕಾದು, ಪುನಃ ಎರಡು ಚಮಚ. ಟಾರ್ಚಿನ ಬೆಳಕು ಗೋಡೆಯವರೆಗೆ ಖಾಲಿಯಾಗಿಯೇ ಹೋಗಿ ಮುಟ್ಟಿತು. ಒಂದೆರಡು ಚುಕ್ಕಿ ಮಿನುಗಿದವು, ಅಷ್ಟೇ. ಅಕ್ಕ ಏನೂ ಮಾತಾಡಲಿಲ್ಲ. ಟಾರ್ಚನ್ನು ಆರಿಸದೆ ಬಹಳ ಹೊತ್ತು ಹಾಗೆಯೇ ಹಿಡಿದು ಕೂತಿದ್ದರು.

ಮಗುವಿನ ಉಬ್ಬಸ ಇದರಿಂದ ಹೋಯಿತು ಎಂದು ನಾನು ಹೇಳುವುದಿಲ್ಲ. ಔಷಧಿ ಕೊಡುವವರು ಡಾಕ್ಟರು. ಮಿಷಿನು ಓಡಿಸಿದ ದಿನ ಕೆಮ್ಮು ಜಾಸ್ತಿ ಎಂಬ ಮಾತು ಮಾತ್ರ ಆಮೇಲೆ ಬರಲಿಲ್ಲ.

ಮಳೆಗಾಲದ ಬಗ್ಗೆ ಹೇಳದೆ ಮುಗಿಸಲಾರೆ. ನಮ್ಮ ಮರಳಿನಲ್ಲಿ ಕಡಲ ಉಪ್ಪು ಉಂಟು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜೂನ್ ಬಂತೆಂದರೆ ಬ್ಯಾಗಿನೊಳಗಿನ ಕಸ ಒದ್ದೆಯಾಗಿ, ಕಾಗದ ಮೆತ್ತಗಾಗಿ, ಬೂಷ್ಟು ಹಿಡಿದು, ರಟ್ಟು ಉಬ್ಬುತ್ತದೆ. ಉಬ್ಬಿದ ರಟ್ಟು ಒಣಗಿದ ಮೇಲೆ ಮೊದಲಿನ ಆಕಾರಕ್ಕೆ ಬರುವುದಿಲ್ಲ; ಬಾಯಿ ಹೋಯಿತೆಂದೇ ಲೆಕ್ಕ. ಮೇ ತಿಂಗಳ ಕೊನೆಯ ಬಿಸಿಲಿನಲ್ಲಿ ಬ್ಯಾಗ್ ತೆಗೆದು, ಗೂಡು ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿ. ಸಿಮೆಂಟು, ಸುಣ್ಣ, ಪುಟ್ಟಿಯ ಪುಡಿ, ಒಲೆಯ ಬೂದಿ ಇವನ್ನು ಮನೆಯ ಮಿಷಿನಿನಲ್ಲಿ ಎಂದೂ ಎಳೆಯಬೇಡಿ. ಐದು ನಿಮಿಷದಲ್ಲಿ ಬ್ಯಾಗಿನ ಉಸಿರು ಕಟ್ಟುತ್ತದೆ. ಬ್ಯಾಗಿನ ಹಿಂದೆ ಮೋಟಾರಿನ ಮುಂದೆ ಸಣ್ಣ ಫೋಮ್ ತುಂಡೊಂದು ಇರುತ್ತದೆ. ಹಳೆಯ ಮಿಷಿನುಗಳಲ್ಲಿ ಅದು ಮುಟ್ಟಿದರೆ ಪುಡಿಯಾಗುವಷ್ಟು ಕೊಳೆತಿರುತ್ತದೆ. ಬ್ಯಾಗ್ ಬದಲಿಸುವಾಗ ಅದನ್ನೂ ಬದಲಿಸಿ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು. ಕಂಪನಿಗಳು ರಿಪೇರಿಯ ಮಾಹಿತಿ, ಬಿಡಿಭಾಗಗಳ ವಿವರ ಕೊಡಬೇಕೆಂಬುದು ಅದರ ಉದ್ದೇಶ. ಒಳ್ಳೆಯದೇ. ನನ್ನ ಆಸೆ ಇನ್ನೂ ಸಣ್ಣದು. ಒಂದು ಮಾದರಿಯನ್ನು ನಿಲ್ಲಿಸುವಾಗ ಅದರ ಬ್ಯಾಗಿನ ರಟ್ಟಿನ ಅಳತೆಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಬಿಟ್ಟರೆ ಸಾಕು. ಉಳಿದದ್ದನ್ನು ನಮ್ಮ ಊರಿನ ಟೈಲರುಗಳು ನೋಡಿಕೊಳ್ಳುತ್ತಾರೆ.

ನನ್ನ ಅಂಗಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಉಂಟು. ಅದರೊಳಗೆ ಹಳೆಯ ಬ್ಯಾಗುಗಳ ರಟ್ಟು 23 ಇವೆ. ಪ್ರತಿಯೊಂದರ ಹಿಂದೆ ಮಿಷಿನಿನ ಹೆಸರು, ತೂತಿನ ವ್ಯಾಸ, ದಪ್ಪ ಬರೆದಿಟ್ಟಿದ್ದೇನೆ. ಹೋದ ವಾರ ಅಕ್ಕನ ತಮ್ಮ ಜುಬೈಲಿನಿಂದ ಫೋನ್ ಮಾಡಿದ್ದರು. ಅಲ್ಲಿ ಒಂದು ಹಳೆಯ ಅಂಗಡಿಯಲ್ಲಿ ಆ ಕಾಲದ ಬ್ಯಾಗಿನ ಕಟ್ಟು ಕಂಡಿತಂತೆ, ಮೇಲಿನ ಚೀಟಿ ಹರಿದಿದೆ, ಕೊಳ್ಳಲಾ ಎಂದು ಕೇಳಿದರು. ‘ಮೊದಲು ಸ್ಕೇಲು ತೆಗೆದುಕೊಳ್ಳಿ’ ಎಂದೆ. ನಾನು ಡಬ್ಬಿಯಿಂದ ರಟ್ಟು ತೆಗೆದು ಓದಿದೆ, ಅವರು ಅಲ್ಲಿ ಅಳೆದರು. ಉದ್ದ ಸರಿ. ಅಗಲ ಸರಿ. ತೂತು ಸರಿ. ದಪ್ಪ ಅಳೆಯುವಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಎರಡೂವರೆ’ ಎಂದರು.